ಪದಚರ್ಚೆ: ‘ಕೆನೆ ಬಣ್ಣ’ ಎಂದರೆ ಯಾವುದು? ಬಣ್ಣ ‘ಮ್ಯಾಚ್’ ಆಗುವುದಕ್ಕೆ ನಮ್ಮ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಹಳೆಯ ಟ್ರ್ಯಾಕ್ಟರೊಂದರ ಗಾಲಿಗೆ ಬಣ್ಣ ಬಳಿಯಲು ಹೊರಟವನು ಎರಡು ಪದಗಳ ಮುಂದೆ ನಿಂತುಬಿಟ್ಟಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ನಾನಿರುವುದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಪಕ್ಕದ ಮನೆಯ ಹಿರಿಯರು ತಮ್ಮ ಶೆಡ್ಡಿನಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟಿದ್ದ, 1960ರ ದಶಕದ ವೀಲ್ ಹಾರ್ಸ್ ಟ್ರ್ಯಾಕ್ಟರನ್ನು ನನಗೆ ಕೊಟ್ಟರು. ಹುಲ್ಲು ಕತ್ತರಿಸಲು, ಚಳಿಗಾಲದಲ್ಲಿ ಹಿಮ ತಳ್ಳಲು, ಮನೆಯ ಹಿಂದಿನ ನಾಲ್ಕು ಪಾತಿ ಉಳಲು ಆಗುವಷ್ಟು ಚಿಕ್ಕ ಯಂತ್ರ. ಈ ಹೆಸರಿನ ಟ್ರ್ಯಾಕ್ಟರುಗಳು ಹುಟ್ಟಿದ್ದು ಇದೇ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ, 1946ರಲ್ಲಿ. ಪಾಂಡ್ ಎಂಬ ತಂದೆ ಮಗ ಸೇರಿ ಆರಂಭಿಸಿದ ಕಸುಬು ಅದು. 1986ರಲ್ಲಿ ಟೋರೊ ಕಂಪನಿಯ ಪಾಲಾಯಿತು. ಮೈಯೆಲ್ಲ ಕೆಂಪು, ಗಾಲಿಯ ಲೋಹದ ಭಾಗ ಮಾತ್ರ ಕೆನೆ ಬಣ್ಣ.

ರಿಪೇರಿಯ ಕೆಲಸ ಎಲ್ಲಿಗೆ ಬಂತೆಂದು ಊರಿನಲ್ಲಿರುವ ತಮ್ಮನಿಗೆ ಆಗಾಗ ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ನಮ್ಮದು ತಿಪಟೂರು ಕಡೆ. ತಮ್ಮ ಅದನ್ನು ಅಮ್ಮನಿಗೆ ಓದಿ ಹೇಳುತ್ತಾನೆ. ಕಳೆದ ಸಲ ‘ಗಾಲಿಗೆ ಕೆನೆ ಬಣ್ಣ ಹುಡುಕುತ್ತಿದ್ದೇನೆ’ ಎಂದು ಬರೆದಿದ್ದೆ. ಭಾನುವಾರ ಫೋನಿನಲ್ಲಿ ಅಮ್ಮ ಕೇಳಿದ ಮೊದಲ ಪ್ರಶ್ನೆ: ‘ಹಸುವಿನ ಕೆನೆಯೋ, ಎಮ್ಮೆಯ ಕೆನೆಯೋ?’

ಉತ್ತರ ನನ್ನಲ್ಲಿರಲಿಲ್ಲ. ಎರಡನ್ನೂ ಕರೆದು, ಕಾಯಿಸಿ, ಕೆನೆ ತೆಗೆದು, ಬೆಣ್ಣೆ ಕಡೆದವರ ಪ್ರಶ್ನೆ ಅದು. ಹಸು ತಿಂದ ಹಸಿರು ಮೇವಿನ ಬೀಟಾ ಕ್ಯಾರೊಟೀನ್ ಹಾಲಿನ ಕೊಬ್ಬಿನಲ್ಲಿ ಉಳಿಯುತ್ತದೆ, ಆದ್ದರಿಂದ ಅದರ ಕೆನೆ, ಬೆಣ್ಣೆ ಹಳದಿ. ಎಮ್ಮೆಯ ಮೈ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ, ಆದ್ದರಿಂದ ಅದರ ಬೆಣ್ಣೆ ಬಿಳಿ. ಅಂದರೆ ಇಂಗ್ಲಿಷಿನ ‘ಕ್ರೀಮ್’ ಹಸುವನ್ನೇ ಸಾಕಿದ ನಾಡಿನ ಬಣ್ಣ. ಅದನ್ನು ‘ಕೆನೆ’ ಎಂದು ತಂದುಕೊಂಡ ನಾವು ಎಮ್ಮೆಯನ್ನೂ ಸಾಕಿದವರು. ಅಚ್ಚ ಬಿಳಿಗೂ ತಿಳಿಹಳದಿಗೂ ನಮ್ಮಲ್ಲಿ ಒಂದೇ ಪದ ಆಯಿತು. ಕವಿತೆಗೆ ಇದು ತೊಡಕಾಗದು. ಬಣ್ಣದ ಡಬ್ಬಿ ಕೊಳ್ಳುವವನಿಗೆ ತೊಡಕು.

ಹಾಗಾದರೆ ಬೇರೆ ಯಾವ ಪದ? ‘ಬಾದಾಮಿ ಬಣ್ಣ’ವನ್ನು ಯೋಚಿಸಿದೆ, ಏಕೆಂದರೆ ಇಲ್ಲಿ ಇದೇ ಜಾತಿಯ ಬಣ್ಣವನ್ನು ‘ಆಲ್ಮಂಡ್’ ಎಂಬ ಹೆಸರಿನಲ್ಲೂ ಮಾರುತ್ತಾರೆ. ಒಂದು ಕಾಲದ ಫ್ರಿಜ್ಜು, ಒಲೆಗಳಿಗೆಲ್ಲ ಅದೇ ಬಣ್ಣ. ಅವರ ಕಣ್ಣಲ್ಲಿರುವುದು ಸಿಪ್ಪೆ ಸುಲಿದ ಬಾದಾಮಿಯ ತಿರುಳು. ನಮಗೆ ಬಾದಾಮಿ ಎಂದರೆ ಮೊದಲು ಕಾಣುವುದು ಕಂದು ಸಿಪ್ಪೆ, ಆಮೇಲೆ ಕೇಸರಿ ಬೆರೆತ ಬಾದಾಮಿ ಹಾಲಿನ ಹಳದಿ. ಬಾಗಲಕೋಟೆ ಕಡೆಯವರಿಗಂತೂ ಚಾಲುಕ್ಯರು ಗುಹೆ ಕೊರೆದ ಕೆಂಪು ಮರಳುಗಲ್ಲಿನ ಬೆಟ್ಟವೇ ಕಣ್ಣ ಮುಂದೆ ಬಂದೀತು. ಒಂದು ಹೆಸರಿನಲ್ಲಿ ಇಷ್ಟು ಬಣ್ಣ ಸೇರಿಕೊಂಡಿದ್ದರೆ ಅದು ಗುರುತು ಹೇಳುವುದಿಲ್ಲ.

‘ದಂತದ ಬಣ್ಣ’ ಗಟ್ಟಿಯಾದ ಪದ, ಆದರೆ ದಂತವನ್ನು ಕಣ್ಣಾರೆ ಕಂಡವರು ಈಗ ಕಡಿಮೆ. ‘ಮಾಸಲು ಬಿಳಿ’ ನನಗೆ ಒಪ್ಪಿಗೆಯಿಲ್ಲ. ಹೊಸದಾಗಿ ಬಳಿಯುವ ಬಣ್ಣಕ್ಕೆ ಹುಟ್ಟುವಾಗಲೇ ಕೊಳೆಯ ಹೆಸರಿಡುವುದು ಸರಿಯಲ್ಲ. ‘ನಸುಹಳದಿ’ ಎಂದರೆ ಬಿಳಿ ಮರೆಯಾಗುತ್ತದೆ. ಕೆಂದಾವರೆ, ಬೆಳ್ಮುಗಿಲು, ಹೊಂಬಿಸಿಲುಗಳ ಜಾಡಿನಲ್ಲಿ ‘ಹೊಂಬಿಳುಪು’ ಎಂದು ಕಟ್ಟಿ ನೋಡಿದೆ. ಕೇಳಲು ಚೆನ್ನಾಗಿದೆ, ಆದರೆ ಹೊನ್ನಿನ ಹೊಳಪು ಬಂದು ಕೂರುತ್ತದೆ, ಗಾಲಿಯ ಬಣ್ಣಕ್ಕೆ ಆ ಮಿನುಗು ಇಲ್ಲ.

ನನಗೆ ಹತ್ತಿರ ಅನ್ನಿಸಿದವು ಎರಡು. ಒಂದು ‘ಗಿಣ್ಣಿನ ಬಣ್ಣ’. ಕರು ಹಾಕಿದ ಹಸುವಿನ ಮೊದಲ ಹಾಲನ್ನು ಬೇಯಿಸಿ ತಟ್ಟೆಗೆ ಸುರಿದಾಗ ಬರುವ ಆ ಮಂದವಾದ, ಹೊಳಪಿಲ್ಲದ, ಬಿಳಿಯೊಳಗೆ ಹಳದಿ ಇಳಿದ ಬಣ್ಣ. ಅಮ್ಮನಿಗೆ ಇದನ್ನು ಹೇಳಿದ ಕೂಡಲೇ ತಿಳಿಯಿತು. ಇನ್ನೊಂದು ‘ಕೋರಾ’. ಬಿಳಿಚಿಸದ, ಮಗ್ಗದಿಂದ ಇಳಿದ ಹಾಗೆಯೇ ಇರುವ ಬಟ್ಟೆಗೆ ಕೋರಾ ಬಟ್ಟೆ ಎನ್ನುತ್ತೇವೆ. ಅದು ಬಟ್ಟೆಯ ಸ್ಥಿತಿಯನ್ನು ಹೇಳುವ ಪದ. ಬಣ್ಣದ ಹೆಸರಾಗಿಯೂ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಇಳಕಲ್ಲು, ಗುಳೇದಗುಡ್ಡದ ಕಡೆಯವರು ನೇಕಾರರ ಮಾತನ್ನು ತಿಳಿಸಿದರೆ ದೊಡ್ಡ ಉಪಕಾರ.

ಇಲ್ಲಿನ ಕಂಪನಿಗಳು ಬಣ್ಣಕ್ಕೆ ಹೆಸರಿಡುವ ಬಗೆಯನ್ನೂ ಹೇಳಬೇಕು. 1969ರಲ್ಲಿ ಜಾನ್ ಡಿಯರ್ ತನ್ನ ಸಣ್ಣ ಟ್ರ್ಯಾಕ್ಟರುಗಳನ್ನು ಎಂದಿನ ಹಸಿರು ಹಳದಿಯಲ್ಲದೆ ಬಿಳಿ ಮೈಗೆ ಬೇರೆ ಬಣ್ಣದ ಮುಚ್ಚಳ, ಸೀಟು ಕೂಡಿಸಿಯೂ ಮಾರಿತು. ಆ ನಾಲ್ಕು ಬಣ್ಣಗಳು ಏಪ್ರಿಲ್ ಯೆಲ್ಲೊ, ಸ್ಪ್ರೂಸ್ ಬ್ಲೂ, ಸನ್‌ಸೆಟ್ ಆರೆಂಜ್, ಪ್ಯಾಟಿಯೊ ರೆಡ್. ಬಿಳಿಯ ಹೆಸರು ಡಾಗ್‌ವುಡ್ ವೈಟ್. ಡಾಗ್‌ವುಡ್ ಇಲ್ಲಿ ವಸಂತದಲ್ಲಿ ಬಿಳಿ ಹೂ ಹೊತ್ತು ನಿಲ್ಲುವ ಮರ. ಪದ ಬಿಡಿಸಿ ಅನುವಾದಿಸಿದರೆ ಹೂವೇ ಉದುರಿಹೋಗುತ್ತದೆ. ‘ನಂದಿಬಟ್ಟಲ ಬಿಳಿ’ ಎಂದರೆ ಮರ ಬೇರೆಯಾದರೂ ಬಿಳಿ ನಮ್ಮ ಕಣ್ಣಿಗೆ ಕಟ್ಟುತ್ತದೆ. ‘ಏಪ್ರಿಲ್ ಹಳದಿ’ ಎಂದರೆ ನನಗೆ ಕಾಣುವುದು ರಸ್ತೆ ಬದಿಯಲ್ಲಿ ಗೊಂಚಲಾಗಿ ಜೋತ ಕಕ್ಕೆ ಹೂ, ಇಲ್ಲಿಯವರಿಗೆ ಇನ್ನೇನೋ. ತಿಂಗಳ ಹೆಸರು ಒಂದೇ, ಬಿಸಿಲು ಬೇರೆ.

ಇನ್ನು ಎರಡನೆಯ ಪದ, ನನಗೆ ಹೆಚ್ಚು ಮುಖ್ಯವಾದದ್ದು: ‘ಮ್ಯಾಚಿಂಗ್’.

ನಮ್ಮಲ್ಲಿ ಈ ಪದ ಮನೆಮಾತಾಗಿದೆ. ತಾಲ್ಲೂಕು ಊರಿನ ಪೇಟೆಬೀದಿಯಲ್ಲೂ ರವಿಕೆ ಕಣಕ್ಕೆ ಒಂದು ಮ್ಯಾಚಿಂಗ್ ಸೆಂಟರ್ ಇರುತ್ತದೆ. ಆದರೆ ಒಂದೇ ಪದದೊಳಗೆ ಎರಡು ಬೇರೆ ಕೆಲಸಗಳಿವೆ. ಸೀರೆಯ ಒಡಲಿನ ಬಣ್ಣವನ್ನೇ ರವಿಕೆಗೂ ಹುಡುಕುವುದು ಒಂದು. ಒಡಲಿಗೆ ಬೇರೆಯಾದರೂ ಚೆಂದ ಕಾಣುವ ಬಣ್ಣವನ್ನು ಆರಿಸುವುದು ಇನ್ನೊಂದು. ನನ್ನ ಗಾಲಿಯದೂ ಇದೇ ಕಥೆ. ಕೆಂಪು ಮೈಗೆ ಕೆನೆ ಬಣ್ಣ ಕೂಡಬೇಕು ಎಂಬುದನ್ನು ಕಾರ್ಖಾನೆಯವರು ಆಗಲೇ ತೀರ್ಮಾನಿಸಿದ್ದಾರೆ. ಇವತ್ತಿನ ಡಬ್ಬಿಯ ಬಣ್ಣ ಅಂದಿನ ಬಣ್ಣವೇ ಆಗಬೇಕು ಎಂಬುದು ನನ್ನ ಪಾಡು.

ಕನ್ನಡ ಇವೆರಡನ್ನೂ ಬೇರ್ಪಡಿಸುತ್ತದೆ ಎಂದು ನನ್ನ ಎಣಿಕೆ. ಉಡುಗೆ ‘ಒಪ್ಪುತ್ತದೆ’, ಜಾತಕ ‘ಕೂಡಿಬರುತ್ತದೆ’, ಸ್ವಭಾವ ‘ಹೊಂದುತ್ತದೆ’; ಲೆಕ್ಕ ಮಾತ್ರ ‘ತಾಳೆಯಾಗುತ್ತದೆ’, ಸಹಿಯನ್ನು ‘ತಾಳೆ ನೋಡುತ್ತಾರೆ’. ಮೊದಲ ಮೂರರಲ್ಲಿ ಎರಡು ಬೇರೆ ವಸ್ತುಗಳು ಹಿತವಾಗಿ ಜೊತೆಯಾಗುತ್ತವೆ. ತಾಳೆಯಲ್ಲಿ ಎರಡೂ ಒಂದೇ ಎಂದು ರುಜುವಾತಾಗಬೇಕು. ಆದ್ದರಿಂದ ‘ಕೆಂಪಿಗೆ ಕೆನೆ ಹೊಂದುತ್ತದೆ’ ಎಂದೂ ‘ಹಳೆಯ ಕೆನೆಗೆ ಹೊಸ ಕೆನೆ ತಾಳೆಯಾಗುತ್ತದೆ’ ಎಂದೂ ಬರೆಯಬೇಕೆಂದಿದ್ದೇನೆ. ಬಣ್ಣದ ವಿಷಯದಲ್ಲಿ ‘ತಾಳೆ’ ನಿಮ್ಮ ಕಿವಿಗೆ ಒರಟಾಗಿ ಕೇಳುತ್ತದೆಯೇ? ನನಗೆ ಕೇಳುವುದಿಲ್ಲ.

ತಾಳೆ ನೋಡುವ ಕೆಲಸ ಎಷ್ಟು ಕಷ್ಟವೆಂಬುದು ಹಿಂದಿನ ಗಾಲಿಯನ್ನು ಕಳಚಿದಾಗ ತಿಳಿಯಿತು. ಒಂದೇ ರಿಮ್ಮಿನಲ್ಲಿ ಮೂರು ಕೆನೆ. ಬಿಸಿಲಿಗೆ ಎದುರಾಗಿದ್ದ ಹೊರಮುಖದಲ್ಲಿ ಹೆಬ್ಬೆರಳು ಉಜ್ಜಿದರೆ ಸೀಮೆಸುಣ್ಣದಂತೆ ಬಿಳಿ ಪುಡಿ ಅಂಟಿತು. ಬೋಲ್ಟಿನ ತಲೆಯಡಿ, ರೂಪಾಯಿ ನಾಣ್ಯದಗಲದ ಬಳೆಯಂಥ ಜಾಗದಲ್ಲಿ ಬಣ್ಣ ದಪ್ಪಗೆ, ನುಣುಪಾಗಿ ಉಳಿದಿತ್ತು. ಒಳಮಗ್ಗುಲಿನಲ್ಲಿ, ಗ್ರೀಸ್ ಒರೆಸಿದ ಮೇಲೆ, ಅದಕ್ಕಿಂತ ಹಳದಿ. ಮುಚ್ಚಿಟ್ಟ ಜಾಗದ ಬಣ್ಣವೇ ಮೂಲದ ಬಣ್ಣ ಎಂದುಕೊಂಡಿದ್ದೆ. ಹಾಗಲ್ಲ. ಎಣ್ಣೆ ಬೆರೆತ ಎನಾಮಲ್‌ನ ಬಿಳಿ ಬೆಳಕು ಕಾಣದ ಕಡೆ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಬಿಸಿಲು ಬಿದ್ದ ಕಡೆ ಬಿಳಿಚಿ ಪುಡಿಯಾಗುತ್ತದೆ. ಮೂರರಲ್ಲಿ ಯಾವುದೂ ಪೂರ್ತಿ ಸಾಕ್ಷಿಯಲ್ಲ. ಬೋಲ್ಟಿನಡಿಯ ಬಣ್ಣವನ್ನೇ ನಾನು ಆಧಾರವಾಗಿ ಹಿಡಿದು, ಅದಕ್ಕಿಂತ ಕೂದಲೆಳೆಯಷ್ಟು ಬಿಳಿಯಾದದ್ದನ್ನು ಹುಡುಕುತ್ತಿದ್ದೇನೆ.

ಇಲ್ಲೂ ಪದದ ಪ್ರಶ್ನೆಯಿದೆ. ಬಣ್ಣ ಹಾಳಾಗುವುದಕ್ಕೆ ನಮ್ಮಲ್ಲಿ ಎಷ್ಟು ಕ್ರಿಯಾಪದಗಳು! ನೀರಿಗೆ ಹಾಕಿದ ಬಟ್ಟೆ ಬಣ್ಣ ‘ಬಿಡುತ್ತದೆ’, ಬಳಕೆಯಿಂದ ‘ಮಾಸುತ್ತದೆ’, ಬಿಸಿಲಿಗೆ ‘ಕಂದುತ್ತದೆ’, ಹೆದರಿದ ಮುಖ ‘ಬಿಳಿಚುತ್ತದೆ’. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಲೋಹದ ಮೇಲಿನ ಬಣ್ಣ ಪುಡಿಪುಡಿಯಾಗಿ ಏಳುವುದಕ್ಕೆ ಮಾತ್ರ ನನಗೆ ಪದ ಸಿಗಲಿಲ್ಲ. ಹೆಪ್ಪುಗಟ್ಟು, ಪಾಚಿಗಟ್ಟು ಎನ್ನುವ ಹಾಗೆ ‘ಸುಣ್ಣಗಟ್ಟು’ ಎನ್ನಬಹುದೇ? ಲಾರಿ, ಬಸ್ಸುಗಳಿಗೆ ಬಣ್ಣ ಹೊಡೆಯುವವರ ಒಡನಾಟ ಇರುವವರು ಅವರನ್ನೊಮ್ಮೆ ಕೇಳಿ ಬರೆಯಿರಿ. ಅವರ ಬಾಯಲ್ಲಿ ಪದ ಇದ್ದೇ ಇರುತ್ತದೆ.

ಹೋದ ಶನಿವಾರ ಬಣ್ಣದಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದು ಮಾದರಿ ಚೀಟಿ ಬೋಲ್ಟಿನಡಿಯ ಬಣ್ಣಕ್ಕೆ ಸರಿಯಾಗಿ ಕೂತಿತು. ಹೊರಗೆ ಬಿಸಿಲಿಗೆ ಹಿಡಿದರೆ ಚೀಟಿ ಹಸಿರಿಗೆ ಎಳೆಯಿತು. ಸೀರೆ ಅಂಗಡಿಯಲ್ಲಿ ಅಮ್ಮ ರವಿಕೆ ಕಣವನ್ನು ಬಾಗಿಲ ಬೆಳಕಿಗೆ ತಂದು ಹಿಡಿಯುತ್ತಿದ್ದುದು ಆಗ ನೆನಪಾಯಿತು. ಒಂದು ಬೆಳಕಿನಲ್ಲಿ ಒಂದಾಗಿ, ಇನ್ನೊಂದರಲ್ಲಿ ಬೇರೆಯಾಗುವ ಬಣ್ಣಗಳಿಗೆ ವಿಜ್ಞಾನದಲ್ಲಿ ಹೆಸರಿದೆ. ಸೀರೆ ವ್ಯಾಪಾರಿಗಳ ಕನ್ನಡದಲ್ಲಿ ಏನೆನ್ನುತ್ತಾರೆ?

ಕೊನೆಗೆ ಒಂದು ಸಣ್ಣದು. ಇದು ಇಲ್ಲಿ ‘ಗಾರ್ಡನ್ ಟ್ರ್ಯಾಕ್ಟರ್’. ‘ತೋಟದ ಟ್ರ್ಯಾಕ್ಟರ್’ ಎಂದು ಬರೆದಿದ್ದಕ್ಕೆ ತಮ್ಮ ತೆಂಗಿನ ತೋಟದಲ್ಲಿ ಓಡುವ ಯಂತ್ರವೆಂದು ತಿಳಿದುಕೊಂಡ. ‘ಹಿತ್ತಲ ಟ್ರ್ಯಾಕ್ಟರ್’ ಎಂದು ತಿದ್ದಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ಉಪ್ಪುಕಾಗದದಲ್ಲಿ ಉಜ್ಜಿದ ರಿಮ್ಮುಗಳಿಗೆ ನಾಳೆ ಪ್ರೈಮರ್ ಹೊಡೆಯುತ್ತೇನೆ. ಬೋಲ್ಟಿನಡಿಯ ಆ ಒಂದು ಬಳೆಯನ್ನು ಮಾತ್ರ ಟೇಪ್ ಅಂಟಿಸಿ ಹಾಗೆಯೇ ಉಳಿಸಿಕೊಂಡಿದ್ದೇನೆ. ಬಣ್ಣ ಕೊಳ್ಳುವುದು ಮುಂದಿನ ವಾರ. ಅಷ್ಟರೊಳಗೆ ಅಮ್ಮನ ಪ್ರಶ್ನೆಗೆ ‘ಗಿಣ್ಣಿನ ಬಣ್ಣ’ ಎನ್ನಲೋ, ‘ಕೋರಾ’ ಎನ್ನಲೋ, ತಿಳಿಸಿ.

ವಂದನೆಗಳು.