1995ರಲ್ಲೇ ಕ್ಷಮೆ ಕೇಳಿದ್ದಾಯಿತಲ್ಲ, 2020ರಲ್ಲಿ ಕಪ್ಪು ಪಾಸ್ಟರುಗಳು ಸದರ್ನ್ ಬ್ಯಾಪ್ಟಿಸ್ಟ್ ಬಿಟ್ಟದ್ದೇಕೆ?

ಓದುಬಳಗ (ಪ್ರಶ್ನೆ)

ಅಮೆರಿಕದ ಇವ್ಯಾಂಜೆಲಿಕಲ್ (ಬೈಬಲ್ಲಿಗೂ ವೈಯಕ್ತಿಕ ಪರಿವರ್ತನೆಗೂ ಒತ್ತು ಕೊಡುವ ಪ್ರಾಟೆಸ್ಟಂಟ್) ಸಭೆಗಳು, ಅಂದರೆ ಚರ್ಚುಗಳು, ಮತ್ತು ವರ್ಣಭೇದದ ಬಗ್ಗೆ ಒಂದು ಅಧ್ಯಯನ ಕೂಟ ನಡೆಸಬೇಕಿದೆ. ಅಲ್ಲಿನ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 1995ರಲ್ಲಿ ಗುಲಾಮಗಿರಿಗಾಗಿ ಕ್ಷಮೆ ಕೇಳಿದರು. 2012ರಲ್ಲಿ ನ್ಯೂ ಆರ್ಲಿಯನ್ಸ್‌ನ ಫ್ರೆಡ್ ಲೂಟರ್ ಅವರ ಮೊದಲ ಕಪ್ಪು ಅಧ್ಯಕ್ಷರಾದರು. ಆದರೂ 2020ರ ಡಿಸೆಂಬರ್‌ನಲ್ಲಿ ಹೆಸರಾಂತ ಕಪ್ಪು ಪಾಸ್ಟರುಗಳು ಹೊರನಡೆದರು. ನಿರ್ಣಯ ಎಂದರೆ ಅವರಲ್ಲಿ ಕಟ್ಟುಪಾಡೋ, ಬರೀ ಹೇಳಿಕೆಯೋ? ನಿಜವಾಗಿ ಒಂದಾದ ಉದಾಹರಣೆ ಎಲ್ಲಾದರೂ ಇದೆಯೇ?

ಹಳೇಕಡತ

ಇದನ್ನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕಣ್ಣಿನಿಂದ ನೋಡಿದರೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಬಿಷಪ್ ಕಾಗದ ಕಳಿಸಿದರೆ ಪಾಸ್ಟರಿಗೆ ವರ್ಗಾವಣೆ. ಅಲ್ಲಿ ಬಿಷಪ್ಪೇ ಇಲ್ಲ, ಪ್ರತಿ ಸಭೆಯೂ ಸ್ವತಂತ್ರ. ಜೂನ್‌ನಲ್ಲಿ ನಡೆಯುವ ವಾರ್ಷಿಕ ಕೂಟಕ್ಕೆ ಸಭೆಗಳು ಮತ ಹಾಕುವ ಪ್ರತಿನಿಧಿಗಳನ್ನು, ಅವರ ಮಾತಿನಲ್ಲಿ 'ಮೆಸೆಂಜರ್'ಗಳನ್ನು, ಕಳಿಸುತ್ತವೆ. ನಿರ್ಣಯದ ಕರಡು ಕೂಟಕ್ಕೆ ಮುಂಚೆಯೇ ನಿರ್ಣಯ ಸಮಿತಿಯ ಕೈ ಸೇರಿರಬೇಕು. ಸಮಿತಿ ಕೈಬಿಟ್ಟದ್ದನ್ನು ಸದನದಲ್ಲಿ ಎತ್ತಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಇಷ್ಟೆಲ್ಲ ದಾಟಿ ಪಾಸಾದರೂ ಅದು ಆ ದಿನ ಅಲ್ಲಿ ಕೂತಿದ್ದವರ ಅಭಿಪ್ರಾಯ, ಅಷ್ಟೇ. ಊರಿನ ಸಭೆ ಅದನ್ನು ಓದಲೇಬೇಕೆಂದೂ ಇಲ್ಲ.

1995ರ ಅಟ್ಲಾಂಟಾ ನಿರ್ಣಯ ಇಂಥದ್ದೇ. ಅದರ ಮಾತು ಸಣ್ಣದಲ್ಲ ಎನ್ನುವುದು ಬೇರೆ ವಿಷಯ. ಈ ಕನ್ವೆನ್ಷನ್, ಅಂದರೆ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟ, ಹುಟ್ಟಿದ್ದೇ 1845ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ, ಗುಲಾಮರ ಒಡೆಯ ಮಿಷನರಿಯಾಗಬಹುದೇ ಎಂಬ ಜಗಳದಲ್ಲಿ. ಆಗಬಹುದು ಎಂದ ದಕ್ಷಿಣದವರು ಬೇರೆಯಾಗಿ ಕಟ್ಟಿದ ಮನೆ ಅದು. 150 ವರ್ಷವಾದ ಮೇಲೆ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರು.

ಪ್ರಕ್ರಿಯೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಲು 2017ರ ಫೀನಿಕ್ಸ್ ಕೂಟ ಸಾಕು. ಟೆಕ್ಸಾಸ್‌ನ ಕಪ್ಪು ಪಾಸ್ಟರ್ ಡ್ವೈಟ್ ಮೆಕಿಸಿಕ್ ಬಿಳಿಯ ಶ್ರೇಷ್ಠತಾವಾದವನ್ನು ಖಂಡಿಸುವ ಕರಡು ಕೊಟ್ಟಿದ್ದರು. ಸಮಿತಿ ಅದನ್ನು ಮುಂದಿಡಲಿಲ್ಲ. ಸದನದಲ್ಲಿ ಎತ್ತಲು ಹೋದಾಗ ಮೂರನೇ ಎರಡು ಸಿಗಲಿಲ್ಲ. ಹೊರಗೆ ಗದ್ದಲವೆದ್ದು ಮರುದಿನ ತಿದ್ದಿದ ಕರಡು ಭಾರೀ ಬಹುಮತದಿಂದ ಪಾಸಾಯಿತು. ಕಪ್ಪು ಸದಸ್ಯರ ಮನಸ್ಸಿನಲ್ಲಿ ಉಳಿದದ್ದು ಮೊದಲ ದಿನ.

ಕಟ್ಟುಪಾಡು ಬೇಕಿದ್ದರೆ ಸಂವಿಧಾನವನ್ನೇ ತಿದ್ದಬೇಕು, ಅದೂ ಸತತ ಎರಡು ಕೂಟಗಳಲ್ಲಿ ಮೂರನೇ ಎರಡು ಬಹುಮತದಿಂದ. ಜನಾಂಗದ ಆಧಾರದಲ್ಲಿ ಭೇದ ಮಾಡುವ ಸಭೆಯನ್ನು ಹೊರಗಿಡುವ ತಿದ್ದುಪಡಿ 2019ರಲ್ಲಿ ಒಮ್ಮೆ ಪಾಸಾಯಿತು. 2020ರ ಕೂಟ ಕೋವಿಡ್‌ನಿಂದ ರದ್ದಾದ್ದರಿಂದ ಎರಡನೇ ಮತಕ್ಕೆ 2021ರವರೆಗೆ ಕಾಯಬೇಕಾಯಿತು. 1995ರದು ಹೇಳಿಕೆ, ಇದು ಕಾನೂನು. ಈ ವ್ಯತ್ಯಾಸವೇ ನಿಮ್ಮ ಕೂಟದ ಮೊದಲ ಪಾಠವಾಗಲಿ.

ನಡುಗೋಡೆ

2020ರ ಕಥೆಗೆ ಬೇರೆ ಕಿಡಿ. 2019ರ ಬರ್ಮಿಂಗ್‌ಹ್ಯಾಮ್ ಕೂಟದ 9ನೇ ನಿರ್ಣಯ 'ಕ್ರಿಟಿಕಲ್ ರೇಸ್ ಥಿಯರಿ'ಯನ್ನು (ವರ್ಣಭೇದ ಬರೀ ಮನಸ್ಸಿನಲ್ಲಲ್ಲ, ಕಾನೂನು, ವ್ಯವಸ್ಥೆಗಳಲ್ಲೂ ಇದೆ ಎನ್ನುವ ಸಿದ್ಧಾಂತವನ್ನು) ವಿಶ್ಲೇಷಣೆಯ ಸಲಕರಣೆಯಾಗಿ, ಸತ್ಯವೇದಕ್ಕೆ ಅಧೀನವಾಗಿ ಮಾತ್ರ ಬಳಸಬಹುದು ಎಂದಿತು. ಎಚ್ಚರದ ಮಾತೇ, ಆದರೂ ಬಲಪಂಥದವರು ಸುಮ್ಮನಿರಲಿಲ್ಲ. 2020ರ ನವೆಂಬರ್ ಕೊನೆಗೆ ಕನ್ವೆನ್ಷನ್ನಿನ ಆರೂ ಸೆಮಿನರಿಗಳ (ಪಾಸ್ಟರುಗಳನ್ನು ತಯಾರು ಮಾಡುವ ಕಾಲೇಜುಗಳ) ಅಧ್ಯಕ್ಷರು ಸೇರಿ, ಆ ಸಿದ್ಧಾಂತ ತಮ್ಮ ವಿಶ್ವಾಸಪ್ರಮಾಣಕ್ಕೆ ಹೊಂದದು ಎಂದು ಹೇಳಿಕೆ ಕೊಟ್ಟರು. ಆರು ಮಂದಿಯೂ ಬಿಳಿಯರು. ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತು ಆರು ತಿಂಗಳಾಗಿತ್ತಷ್ಟೆ. ಹ್ಯೂಸ್ಟನ್‌ನ ರಾಲ್ಫ್ ವೆಸ್ಟ್, ಶಿಕಾಗೊದ ಚಾರ್ಲಿ ಡೇಟ್ಸ್ ಡಿಸೆಂಬರ್‌ನಲ್ಲಿ ಸಂಬಂಧ ಕಡಿದುಕೊಂಡರು. ಅವರು ಆ ಸಿದ್ಧಾಂತದ ವಕೀಲರಾಗಿರಲಿಲ್ಲ. ವರ್ಣಭೇದದ ವಿಷಯದಲ್ಲಿ ಯಾವುದು ಅಪಾಯ ಎಂದು ತೀರ್ಮಾನಿಸುವಾಗ ಅದನ್ನು ಉಂಡವರನ್ನೇ ಕೇಳಲಿಲ್ಲವಲ್ಲ ಎಂಬುದು ತಕರಾರು.

ಎದುರು ಪಕ್ಷವನ್ನೂ ಸರಿಯಾಗಿ ಓದಿಸಿ. 2018ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಸ್ಟರ್ ಜಾನ್ ಮ್ಯಾಕಾರ್ಥರ್ ಮುಂತಾದವರು ಸಾಮಾಜಿಕ ನ್ಯಾಯದ ಬಗ್ಗೆ 14 ಕಲಮುಗಳ ಹೇಳಿಕೆ ಹೊರಡಿಸಿದರು. ಪ್ರತಿ ಕಲಮಿಗೂ 'ಒಪ್ಪುತ್ತೇವೆ', 'ಅಲ್ಲಗಳೆಯುತ್ತೇವೆ' ಎಂಬ ಎರಡು ಭಾಗ. ಜನಾಂಗದ್ವೇಷ ಪಾಪವಲ್ಲ ಎಂದು ಅವರು ಎಲ್ಲೂ ಹೇಳುವುದಿಲ್ಲ. ಅವರ ಭಯ ಎರಡು: ಸಾಮಾಜಿಕ ಕೆಲಸವೇ ಸುವಾರ್ತೆಯ ಜಾಗ ಹಿಡಿದೀತು, ತಾತನ ಪಾಪವನ್ನು ಮೊಮ್ಮಗನ ತಲೆಗೆ ಕಟ್ಟಿಯಾರು. ಇದನ್ನು ಗೇಲಿ ಮಾಡಿ ಮುಗಿಸಿದರೆ ಚರ್ಚೆ ಅಲ್ಲೇ ಸಾಯುತ್ತದೆ.

ಸಮಾಜಶಾಸ್ತ್ರಜ್ಞರಾದ ಮೈಕಲ್ ಎಮರ್ಸನ್ ಮತ್ತು ಕ್ರಿಶ್ಚಿಯನ್ ಸ್ಮಿತ್ 2000ರಲ್ಲೇ ಗುರುತಿಸಿದ ಗಂಟು ಇಲ್ಲೇ ಇದೆ. ಬಿಳಿಯ ಇವ್ಯಾಂಜೆಲಿಕಲರು ಪಾಪವನ್ನು ಒಬ್ಬೊಬ್ಬನ ಹೃದಯದಲ್ಲಿ ಹುಡುಕುತ್ತಾರೆ. ಆದ್ದರಿಂದ ಮದ್ದು ಸ್ನೇಹ, ಆಲಿಂಗನ, ಕ್ಷಮೆ. ಕಪ್ಪು ವಿಶ್ವಾಸಿಗಳು ಶಾಲೆ, ಸಾಲ, ಪೊಲೀಸ್ ಠಾಣೆಯನ್ನೂ ಎಣಿಸುತ್ತಾರೆ. ಇಬ್ಬರೂ ಒಂದೇ ಬೈಬಲ್ ಹಿಡಿದು ಬೇರೆ ಬೇರೆ ರೋಗಕ್ಕೆ ಔಷಧಿ ಬರೆಯುತ್ತಿದ್ದಾರೆ.

ನಾಲ್ಕರಷ್ಟು

ನಡುಗೋಡೆಯವರ ಮಾತು ಸರಿ, ಆದರೆ ಅವರು ಹಣದ ಸುದ್ದಿ ಎತ್ತಲಿಲ್ಲ. ಲೂಯಿವಿಲ್‌ನ ಸದರ್ನ್ ಸೆಮಿನರಿ 2018ರ ಡಿಸೆಂಬರ್‌ನಲ್ಲಿ ತನ್ನದೇ ಚರಿತ್ರೆಯ ವರದಿ ಪ್ರಕಟಿಸಿತು. ನಾಲ್ವರು ಸ್ಥಾಪಕರ ಬಳಿ ಒಟ್ಟು 50ಕ್ಕೂ ಹೆಚ್ಚು ಗುಲಾಮರಿದ್ದರು ಎಂದು ತಾನೇ ಬರೆದುಕೊಂಡಿತು. ಮುಂದಿನ ವರ್ಷ, ಅದೇ ಊರಿನ ಕಪ್ಪು ಕಾಲೇಜಿಗೆ ನಿಮ್ಮ ಆಸ್ತಿಯಲ್ಲಿ ಒಂದು ಪಾಲು ಕೊಡಿ ಎಂದು ಸ್ಥಳೀಯ ಪಾಸ್ಟರುಗಳು ಕೇಳಿದಾಗ ಸೆಮಿನರಿ ಒಪ್ಪಲಿಲ್ಲ. ಬೈಬಲ್ಲಿನ ಲೂಕ 19ರಲ್ಲಿ ಸುಂಕದ ಅಧಿಕಾರಿ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದದ್ದನ್ನು ಇದರ ಪಕ್ಕದಲ್ಲಿಟ್ಟು ಓದಿಸಿ.

ಒಂದಾದ ಉದಾಹರಣೆ ಕೇಳಿದಿರಿ. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟರನ್ನು ನೋಡಿ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಗುಲಾಮರ ಮಗ ವಿಲಿಯಂ ಸೀಮೋರ್ ನಡೆಸಿದ ಆರಾಧನೆಯಲ್ಲಿ ಎಲ್ಲ ಬಣ್ಣದವರೂ ಒಟ್ಟಿಗಿದ್ದರು. ಕೆಲವೇ ವರ್ಷಗಳಲ್ಲಿ ಬಣ್ಣದ ಪ್ರಕಾರ ಒಡೆದುಹೋಯಿತು. 1948ರಲ್ಲಿ ಕಟ್ಟಿದ ಪೆಂಟೆಕೋಸ್ಟಲ್ ಒಕ್ಕೂಟದಲ್ಲಿ ಬರೀ ಬಿಳಿಯ ಪಂಗಡಗಳು. 1994ರ ಅಕ್ಟೋಬರ್‌ನಲ್ಲಿ ಮೆಂಫಿಸ್‌ನಲ್ಲಿ ಸೇರಿ ಆ ಒಕ್ಕೂಟವನ್ನೇ ವಿಸರ್ಜಿಸಿದರು. ಬಿಳಿಯ ಪಾಸ್ಟರ್ ಕಪ್ಪು ಬಿಷಪ್ಪರ ಪಾದ ತೊಳೆದದ್ದು ಎಲ್ಲರಿಗೂ ನೆನಪು. ನನ್ನ ಮಟ್ಟಿಗೆ ಪಾದ ತೊಳೆದದ್ದಕ್ಕಿಂತ ಕುರ್ಚಿ ಹಂಚಿದ್ದು ದೊಡ್ಡದು. ಹೊಸ ಒಕ್ಕೂಟದ ಮಂಡಳಿಯಲ್ಲಿ 12 ಮಂದಿ, 6 ಕಪ್ಪು, 6 ಬಿಳಿ, ಮೊದಲ ಅಧ್ಯಕ್ಷ ಕಪ್ಪು ಬಿಷಪ್ ಇಥಿಯಲ್ ಕ್ಲೆಮನ್ಸ್. ಆದರೆ ಅದು ಮೇಲಿನ ಮಹಡಿಯ ಐಕ್ಯ. ಕೆಳಗೆ, ಭಾನುವಾರದ ಬೆಂಚುಗಳು ಅಷ್ಟು ಬೇಗ ಬದಲಾಗಲಿಲ್ಲ.

ಓದುಬಳಗ

ಎಲ್ಲರಿಗೂ ವಂದನೆ. ಹಾಗಾದರೆ ಮಿಶ್ರ ಸಭೆಗಳೇ ಉತ್ತರವೇ? ನಮ್ಮಲ್ಲಿನ ಜಾತಿಯನ್ನು ಇದಕ್ಕೆ ಹೋಲಿಸಬಹುದೇ?

ಹಳೇಕಡತ

ಮಿಶ್ರ ಸಭೆ ಎಂದು ಸಂಶೋಧಕರು ಕರೆಯುವುದು ಯಾವ ಒಂದು ಜನಾಂಗವೂ 80% ಮೀರದ ಸಭೆಯನ್ನು. ಅಂಥವು ಅಮೆರಿಕದಲ್ಲಿ 1998ರಲ್ಲಿ 6% ಇದ್ದವು, 2019ಕ್ಕೆ 16% ಆದವು. ಆದರೆ ಬಹುಪಾಲು ಕಡೆ ಕಪ್ಪುಜನರೇ ಬಿಳಿಯರ ಸಭೆಗೆ ಹೋಗುತ್ತಾರೆ, ಬಿಳಿಯರು ಕಪ್ಪು ಸಭೆಗೆ ಬರುವುದು ಅಪರೂಪ. ಸೇರಿದವರೇ ಹಾಡು, ಹೊತ್ತು, ಪ್ರಸಂಗದ (ಉಪದೇಶದ) ಧಾಟಿ ಎಲ್ಲಕ್ಕೂ ಒಗ್ಗಿಕೊಳ್ಳಬೇಕು. ಟ್ರಂಪ್ ಗೆದ್ದ 2016ರ ಚುನಾವಣೆಯಂಥದ್ದು ಬಂದಾಗ ಮೊದಲು ಎದ್ದುಹೋಗುವವರೂ ಅವರೇ.

ಜಾತಿ ಹೋಲಿಕೆ ಅರ್ಧ ಸರಿ. ಕಲ್ಕತ್ತದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿ ಬಿಡಬೇಕೆಂದು ಆಜ್ಞೆ ಹೊರಡಿಸಿದ್ದರು. ಮರುವರ್ಷ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಜಾತಿಗೆ ಒಪ್ಪಲಿಲ್ಲ. ಆಜ್ಞೆಗೂ ಮನೆಯೊಳಗಿನ ರೂಢಿಗೂ ನಡುವಿನ ಅಂತರ ಎರಡೂ ಕಡೆ ಒಂದೇ. ಬೇರೆಯಾಗುವುದು ಕಾನೂನಿನಲ್ಲಿ: ಇಲ್ಲಿ 1950ರ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಅಮೆರಿಕದಲ್ಲಿ ಬ್ಯಾಪ್ಟಿಸ್ಟನಾದನೆಂದು ಯಾರ ಹಕ್ಕೂ ಹೋಗುವುದಿಲ್ಲ.

ನಾಲ್ಕರಷ್ಟು

ಕೂಟದಲ್ಲಿ ಒಂದು ಅಭ್ಯಾಸ ಮಾಡಿಸಿ. ಹಾಜರಿ ಎಣಿಸಬೇಡಿ, ಅದು ಮೋಸ ಮಾಡುತ್ತದೆ. ಯಾವುದಾದರೂ ಸಭೆಯ 12 ತಿಂಗಳ ಪ್ರಸಂಗಿಗಳ ಪಟ್ಟಿ, ಸಭಾಹಿರಿಯರ ಪಟ್ಟಿ, ಚೆಕ್ಕಿಗೆ ಸಹಿ ಹಾಕುವವರ ಹೆಸರು, ಈ ಮೂರನ್ನು ಅಕ್ಕಪಕ್ಕ ಇಡಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಊಟ ಸಿಗಲಿಲ್ಲವೆಂದಾಗ ಆರಿಸಿದ ಏಳು ಮಂದಿಯ ಹೆಸರು ಓದಿ, ಏಳೂ ಗ್ರೀಕ್ ಹೆಸರು. ಬಡಿಸುವ ಸೌಟನ್ನೇ ದೂರುವವರ ಕಡೆಯವರಿಗೆ ಕೊಟ್ಟರು. ನಾಲ್ಕನೆಯದಾಗಿ ಮದುವೆ ರಿಜಿಸ್ಟರ್. ಅದನ್ನು ಕೊನೆಗೆ ತೆರೆಯಿರಿ, ಮೊದಲೇ ತೆರೆದರೆ ಉಳಿದ ಮೂರನ್ನು ಯಾರೂ ನೋಡುವುದಿಲ್ಲ.