ಬ್ರ್ಯಾಡಕ್ ಲೈಬ್ರರಿ ಕೆಳಗೆ ಬಚ್ಚಲಮನೆ ಇತ್ತಂತೆ, ನಿಜವಾ?

ತುಂಗಾತೀರ:
ಪಿಟ್ಸ್‌ಬರ್ಗ್ ಕಡೆ ಇರೋರು ಸ್ವಲ್ಪ ಹೇಳ್ರಪ್ಪ. ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದವ್ರು ಹಂಗೇ ನದಿ ಕಡೆ ಬ್ರ್ಯಾಡಕ್ ಅನ್ನೋ ಊರಿಗೆ ಹೋಗಿದ್ವಿ, ಊರು ಅರ್ಧಕ್ಕರ್ಧ ಖಾಲಿ, ಅದ್ರಲ್ಲಿ ಕೋಟೆ ಥರ ಒಂದು ಕಲ್ಲಿನ ಕಟ್ಟಡ, ಕಾರ್ನೆಗಿ ಲೈಬ್ರರಿ ಅಂತ ಬೋರ್ಡು. ಇದ್ರ ಬೇಸ್‌ಮೆಂಟಲ್ಲಿ ಬಚ್ಚಲಮನೆ ಇತ್ತು ಅಂದ ನಮ್ ಫ್ರೆಂಡು. ಲೈಬ್ರರೀಲಿ ಸ್ನಾನ ಯಾಕ್ರೀ? ಬಿಡ್ತಿದಾನೆ ಅನ್ಸತ್ತೆ.

ಉಕ್ಕಿನೂರು:
ಬಿಡ್ತಿಲ್ಲ, ನಿಜಾನೇ. ಪಕ್ಕದಲ್ಲೇ ಎಡ್ಗರ್ ಥಾಮ್ಸನ್ ಸ್ಟೀಲ್ ಫ್ಯಾಕ್ಟರಿ ಇದ್ಯಲ್ಲ, ಊರೂರಿಗೆ ಲೈಬ್ರರಿ ಕಟ್ಟಿಸಿಕೊಟ್ಟ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿದು, 1875ರಲ್ಲಿ ಶುರುವಾಗಿದ್ದು ಇವತ್ತಿಗೂ ಓಡ್ತಿದೆ. ಶಿಫ್ಟ್ ಮುಗಿಸಿ ಬರೋರು ಮೈಯೆಲ್ಲ ಮಸಿ, ಹಂಗೇ ಬಂದು ಪುಸ್ತಕ ಮುಟ್ಟೋಕಾಗತ್ತಾ, ಅದಕ್ಕೆ ಮೊದ್ಲು ಕೆಳಗೆ ಸ್ನಾನ ಆಮೇಲೆ ಮೇಲೆ ಓದು. 1889ರಲ್ಲಿ ಓಪನ್ ಆಯ್ತು, ಅಮೆರಿಕದಲ್ಲಿ ಅವ್ನ ಮೊದಲ ಲೈಬ್ರರಿ ಇದೇ (ಎಲ್ಲಕ್ಕಿಂತ ಮೊದಲಿಂದು ಅವ್ನು ಹುಟ್ಟಿದೂರು ಸ್ಕಾಟ್‌ಲೆಂಡಿನ ಡನ್‌ಫರ್ಮ್‌ಲಿನ್‌ದು, 1883). 1893ರಲ್ಲಿ ಹಿಂದ್ಗಡೆ ಇನ್ನೊಂದು ಭಾಗ ಸೇರಿಸಿ ಮ್ಯೂಸಿಕ್ ಹಾಲು, ಜಿಮ್ಮು, ಸ್ವಿಮ್ಮಿಂಗ್ ಪೂಲು ಎಲ್ಲ ಮಾಡಿದ್ರು. ಲೈಬ್ರರಿ ಅನ್ನೋದಕ್ಕಿಂತ ಕ್ಲಬ್ಬು ಅನ್ನಿ.

ಕೆಂಪಂಗಿ:
ಇಷ್ಟೇ ಹೇಳಿ ನಿಲ್ಲಿಸ್ಬೇಡಿ ಸಾರ್. ಲೈಬ್ರರಿ ಓಪನ್ ಆಗೋ ಹಿಂದಿನ ವರ್ಷ, 1888ರಲ್ಲಿ, ಅದೇ ಫ್ಯಾಕ್ಟರೀಲಿ ಬೀಗ ಜಡಿದು, ಯೂನಿಯನ್ ಮುರಿದು, 8 ಗಂಟೆ ಶಿಫ್ಟನ್ನ ವಾಪಸ್ 12 ಗಂಟೆಗೆ ತಂದಿದ್ರು. 12 ಗಂಟೆ ಕುಲುಮೆ ಮುಂದೆ ನಿಂತೋನು ಸ್ನಾನ ಮಾಡಿ ಮಲಗ್ತಾನೋ ಪುಸ್ತಕ ಓದ್ತಾನೋ? ಪುಸ್ತಕದ ಬದ್ಲು ಕೂಲಿ ಜಾಸ್ತಿ ಕೊಟ್ಟಿದ್ರೆ ಆಗ್ತಿತ್ತು. 1892ರಲ್ಲಿ ನದಿ ಆಚೆ ಹೋಮ್‌ಸ್ಟೆಡ್‌ನಲ್ಲಿ ಇವ್ನದೇ ಕಂಪನಿ ಸ್ಟ್ರೈಕಲ್ಲಿ ಗುಂಡು ಹಾರಿ ಜನ ಸತ್ರು, 1898ರಲ್ಲಿ ಅಲ್ಲೂ ಒಂದು ಲೈಬ್ರರಿ ಬಂತು.

ಉಕ್ಕಿನೂರು:
ಕೆಂಪಂಗಿ ಹೇಳಿದ್ದು ಸರಿನೇ, ಆದ್ರೆ ಕಟ್ಟಡದ್ದೇನು ತಪ್ಪು ಹೇಳಿ, ಅಲ್ಲಿ ಓದಿ ಮೇಲೆ ಬಂದ ಮಕ್ಕಳೂ ಇದ್ರಲ್ವ.

ತುಂಗಾತೀರ:
ಅಬ್ಬಾ, ಇಷ್ಟೆಲ್ಲ ಇದ್ಯಾ. ಮತ್ತೆ ಊರು ಹಿಂಗ್ಯಾಕೆ ಆಯ್ತು, ಲೈಬ್ರರಿ ಹೆಂಗೆ ಉಳೀತು?

ಪುಸ್ತಕದಹುಳ:
ಸ್ಟೀಲ್ ಕೆಲಸ ಕಮ್ಮಿ ಆಯ್ತು, ಜನ ಹೋದ್ರು, ಒಂದ್ ಕಾಲಕ್ಕೆ 20 ಸಾವಿರ ಹತ್ರ ಇದ್ದೋರು ಈಗ 2 ಸಾವಿರನೂ ಇಲ್ಲ. 1974ರಲ್ಲಿ ಲೈಬ್ರರಿ ಮುಚ್ಚಿ ಕೆಡವೋ ಮಾತು ನಡೀತು, ಕೊನೇ ಲೈಬ್ರರಿಯನ್ ಡೇವಿಡ್ ಸಾಲೊಮನ್ ಒಂದ್ ಡಾಲರ್‌ಗೆ ಕೊಂಡ್ಕೊಂಡು ಉಳಿಸಿದ್ರು, 1983ರಲ್ಲಿ ಒಂದೇ ರೂಮಲ್ಲಿ ಮಕ್ಕಳ ಲೈಬ್ರರಿ ಮತ್ತೆ ಶುರು. ಪಕ್ಕದ ಡುಕೇನ್ ಊರಿಂದು ಅಷ್ಟು ಅದೃಷ್ಟ ಮಾಡಿರ್ಲಿಲ್ಲ, 1968ರಲ್ಲೇ ಕೆಡವಿಬಿಟ್ರು.

ಇನ್ನೊಂದು ವಿಷ್ಯ, ಆಮೇಲಾಮೇಲೆ ಲೈಬ್ರರಿಗೆ ದುಡ್ಡು ಕೊಡೋಕೆ ಕಾರ್ನೆಗಿ ಒಂದ್ ಕಂಡೀಷನ್ ಹಾಕ್ತಿದ್ದ, ಜಾಗ ಊರೋರೇ ಕೊಡ್ಬೇಕು, ಕೊಟ್ಟ ದುಡ್ಡಿನ 10% ವರ್ಷಾ ವರ್ಷ ನಡೆಸೋಕೆ ತೆಗೆದಿಡ್ಬೇಕು ಅಂತ. ನಮ್ಮ ಕರ್ನಾಟಕದಲ್ಲೂ 1965ರ ಲೈಬ್ರರಿ ಕಾಯ್ದೆ ಪ್ರಕಾರ ಮನೆ ಕಂದಾಯದ ಮೇಲೆ 6% ಲೈಬ್ರರಿ ಸೆಸ್ ಇದೆ, ರಸೀದಿ ತೆಗ್ದು ನೋಡಿ, ಎಷ್ಟೋ ಜನಕ್ಕೆ ಕಟ್ತಿದೀವಿ ಅಂತನೇ ಗೊತ್ತಿಲ್ಲ.

ಅಂದಹಾಗೆ ಆ ಬಚ್ಚಲಮನೆ ಜಾಗದಲ್ಲಿ ಆಮೇಲೆ ಮಡಕೆ ಮಾಡೋ ಸ್ಟುಡಿಯೋ ಬಂತು. ಲೈಬ್ರರಿ ಕಾರ್ಡಿದ್ರೆ ಪೇಂಟಿಂಗ್ ಕೂಡ ಮನೆಗೆ ಒಯ್ಯೋ ವ್ಯವಸ್ಥೆ 2013ರಲ್ಲಿ ಶುರು ಮಾಡಿದ್ರು. ಮುಂದಿನ ಸಲ ಹೋದಾಗ ಹೊರಗಿಂದ ಫೋಟೋ ಹೊಡ್ಕೊಂಡು ಬರ್ಬೇಡಿ, ಓಪನ್ ಇದ್ಯಾ ಅಂತ ಫೋನ್ ಮಾಡಿ ಕೇಳ್ಕೊಂಡು ಹೋಗಿ.