ರಸ್ತೆಗೆ ಹೋದ ಹೊಲ, ಬಾರದ ಬಿಲ್ ಹಣ: ರಿಟ್ ಹಾಕಬೇಕೋ, ದಾವೆ ಹೂಡಬೇಕೋ?

ಹೊಲದಬದು (ಪ್ರಶ್ನೆ):
ಜಮಖಂಡಿ ತಾಲೂಕಿನಾಗ ರಸ್ತೆ ಅಗಲ ಮಾಡುವಾಗ ನಮ್ಮ ಹೊಲದ 11 ಗುಂಟೆ ಹೋಗೈತಿ. ಸ್ವಾಧೀನದ ನೋಟಿಸ್ ಇಲ್ಲ, ಪರಿಹಾರ ಇಲ್ಲ, ಉತಾರದಾಗ ಇನ್ನೂ ನಮ್ಮ ಹೆಸರೇ ಐತಿ. ವಿಜಯಪುರದಾಗ ನಮ್ಮ ಮಾವನ ಮಗನ ಸಣ್ಣ ಕಾರ್ಖಾನೆಯವರು ಒಂದು ಸರ್ಕಾರಿ ಇಲಾಖೆಗೆ ಡೆಸ್ಕ್ ಮಾಡಿ ಕೊಟ್ಟಾರ, 14 ಲಕ್ಷದ ಬಿಲ್ ನಿಂತೈತಿ. ಇಬ್ಬರೂ ಕೂಡಿ ಧಾರವಾಡದ ಹೈಕೋರ್ಟ್ ಪೀಠದಾಗ ರಿಟ್ ಅರ್ಜಿ ಹಾಕಬಹುದೇನ್ರಿ? ಮೊದಲ ಏನ್ ಮಾಡಬೇಕು?

ಕೃಷ್ಣಾತೀರ:
ಇಬ್ಬರೂ ಕೂಡಿ ಆಗುವುದಿಲ್ಲ. ನಿಮ್ಮ ಜಮಖಂಡಿ ಇರುವ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಧಾರವಾಡ ಪೀಠಕ್ಕೆ ಬರುತ್ತವೆ, ವಿಜಯಪುರ ಕಲಬುರಗಿ ಪೀಠಕ್ಕೆ. ಅದಕ್ಕಿಂತ ಮುಖ್ಯ, ಎರಡು ತಕರಾರುಗಳ ಸ್ವರೂಪವೇ ಬೇರೆ. ಹೊಲದ ವಿಷಯ ಮಾತ್ರ ಹೇಳುತ್ತೇನೆ.

ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿ ಉಳಿದಿಲ್ಲ, ಸಂವಿಧಾನದ 300ಎ ವಿಧಿಗೆ (ಕಾನೂನಿನ ಅಧಿಕಾರವಿಲ್ಲದೆ ಆಸ್ತಿ ಕಸಿಯುವಂತಿಲ್ಲ) ಹೋಗಿದೆ. ಹಾಗಾಗಿ ಅದೊಂದನ್ನೇ ಹಿಡಿದು ಮೂಲಭೂತ ಹಕ್ಕಿಗಷ್ಟೇ ಇರುವ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೋಗಲು ಬರುವುದಿಲ್ಲ. ಹೈಕೋರ್ಟಿಗೆ ರಿಟ್ ಅಧಿಕಾರ ಕೊಡುವ 226ನೇ ವಿಧಿ ಇನ್ನೂ ವಿಶಾಲ, ಅಲ್ಲಿ 300ಎ ಸಾಕು. ವಿದ್ಯಾದೇವಿ ವಿರುದ್ಧ ಹಿಮಾಚಲ ಪ್ರದೇಶ ಸರ್ಕಾರ ಪ್ರಕರಣದಲ್ಲಿ (2020) ಜಮೀನು ರಸ್ತೆಗೆ ಹೋಗಿದ್ದು 1967ರ ಸುಮಾರಿಗೆ. ತಡವಾಯಿತು ಎಂಬ ವಾದವನ್ನೂ, ಇಷ್ಟು ವರ್ಷ ನಮ್ಮ ಕಬ್ಜೆಯಲ್ಲೇ ಇದೆ ಎಂಬ ಸರ್ಕಾರದ ವಾದವನ್ನೂ ಸುಪ್ರೀಂ ಕೋರ್ಟ್ ಒಪ್ಪದೆ ಪರಿಹಾರ ಕೊಡಿಸಿತು.

ಇಂಥ ರಿಟ್ ಬೀಳುವುದು ಕಾನೂನಿನ ಮೇಲಲ್ಲ, ಅಳತೆಯ ಮೇಲೆ. "ಅಲ್ಲಿ ಮೊದಲಿಂದಲೂ ದಾರಿ ಇತ್ತು", "ಬಾಯಿಮಾತಿನಲ್ಲಿ ಒಪ್ಪಿದ್ದರು" ಎಂದು ಇಲಾಖೆ ಹೇಳಿದ ಕೂಡಲೇ ಅದು ಸಾಕ್ಷಿ ವಿಚಾರಣೆಯ ವಿಷಯವಾಗಿ, ಸಿವಿಲ್ ಕೋರ್ಟಿಗೆ ಹೋಗಿ ಎನ್ನಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಮೊದಲು ಹದ್ದುಬಸ್ತು (ಹೊಲದ ಗಡಿ ಗುರುತಿಸುವ) ಅಳತೆಗೆ ಅರ್ಜಿ ಕೊಟ್ಟು, ಎಷ್ಟು ಗುಂಟೆ ರಸ್ತೆಯಲ್ಲಿದೆ ಎಂದು ನಕ್ಷೆಯಲ್ಲಿ ಬರೆಸಿ. ಜೊತೆಗೇ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ: ನಿಮ್ಮ ಸರ್ವೆ ನಂಬರಿನ ಸ್ವಾಧೀನ ಅಧಿಸೂಚನೆ, ಐತೀರ್ಪು (ಪರಿಹಾರ ನಿಗದಿಯ ಆದೇಶ), ಪರಿಹಾರ ಪಾವತಿ ರಸೀದಿಯ ನಕಲು ಕೇಳಿ. 30 ದಿನದಲ್ಲಿ "ದಾಖಲೆ ಲಭ್ಯವಿಲ್ಲ" ಎಂಬ ಉತ್ತರ ಬಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆಮೇಲೆ ಜಿಲ್ಲಾಧಿಕಾರಿಗೂ ಕಾರ್ಯಪಾಲಕ ಎಂಜಿನಿಯರರಿಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೇಳಿದರೂ ಕೊಡಲಿಲ್ಲ ಎಂದು ತೋರಿಸದೆ ಮ್ಯಾಂಡಮಸ್ (ನಿಮ್ಮ ಕರ್ತವ್ಯ ಮಾಡಿ ಎಂದು ಅಧಿಕಾರಿಗೆ ಕೋರ್ಟ್ ಕೊಡುವ ಆದೇಶ) ಸಿಗುವುದು ಕಷ್ಟ.

ಕೋರಿಕೆ ಬರೆಯುವಲ್ಲಿ ಬಹಳ ಜನ ಕೈಸುಟ್ಟುಕೊಳ್ಳುತ್ತಾರೆ. "ಮನವಿಯನ್ನು ಪರಿಗಣಿಸಲು ನಿರ್ದೇಶಿಸಿ" ಎಂದಷ್ಟೇ ಕೇಳಿದರೆ ಅಷ್ಟೇ ಸಿಗುತ್ತದೆ. ಅಧಿಕಾರಿ ಪರಿಗಣಿಸಿ ತಿರಸ್ಕರಿಸಿ ಹಿಂಬರಹ ಕೊಡುತ್ತಾರೆ, ನೀವು ಮತ್ತೆ ಮೊದಲಿನಿಂದ. 2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರ ನಿಗದಿ ಮಾಡಿ ಕೊಡಬೇಕೆಂದೇ ಕೇಳಿ. ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಸೇರಿಸಿ, ಇಲ್ಲವಾದರೆ ಫೈಲು ಕಚೇರಿ ಆಕ್ಷೇಪಣೆಯಲ್ಲೇ ಕೂರುತ್ತದೆ. ಮನೆಯಲ್ಲಿ ಹೊಲ ತಾಯಿಯ ಅಥವಾ ಹೆಂಡತಿಯ ಹೆಸರಿನಲ್ಲಿದ್ದರೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಲೆಕ್ಕಪತ್ರ:
ಬಿಲ್ಲಿನ ಬಗ್ಗೆ. ಕರಾರಿನ ಹಣಕ್ಕೆ ರಿಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಲಾಖೆಯೇ "ಅನುದಾನ ಬಂದ ಕೂಡಲೇ ಪಾವತಿಸಲಾಗುವುದು" ಎಂದು ಬರೆದು ಸಹಿ ಮಾಡಿದ್ದರೆ, ಅಂದರೆ ಬಾಕಿಯ ಬಗ್ಗೆ ತಕರಾರೇ ಇಲ್ಲದಿದ್ದರೆ, ಸಮಾನತೆಯ 14ನೇ ವಿಧಿ ಹಿಡಿದು ರಿಟ್‌ಗೆ ಹೋಗಬಹುದು. ಆ ಪತ್ರ ದಾವೆ ಹೂಡಲು ಇರುವ ಮೂರು ವರ್ಷದ ವಾಯಿದೆ ಮುಗಿಯುವ ಮೊದಲು ಬಂದಿದ್ದರೆ ವಾಯಿದೆಯೂ ಹೊಸದಾಗಿ ಶುರು.

ಕಾರ್ಖಾನೆ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಕರಾರಿಗೆ ಮೊದಲೇ ಆಗಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇಂಥ ಉದ್ಯಮಗಳ ಬಾಕಿ ತಕರಾರು ತೀರ್ಮಾನಿಸುವ ಮಂಡಳಿ) ಹೋಗಿ. ನನ್ನ ಪ್ರಕಾರ ಇದೇ ಸರಿಯಾದ ದಾರಿ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಪಾವತಿ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೌನ್ಸಿಲ್ ತೀರ್ಪನ್ನು ಪ್ರಶ್ನಿಸಬೇಕಾದರೆ ಇಲಾಖೆ ಶೇ. 75 ಹಣ ಠೇವಣಿ ಇಡಬೇಕು.

ಆದೇಶವೇ ಬಾಯಿಮಾತಿನದಾಗಿದ್ದರೆ ಸಂವಿಧಾನದ 299ನೇ ವಿಧಿ ಅಡ್ಡ ಬರುತ್ತದೆ: ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವಿದ್ದವರ ಸಹಿಯಿಂದಲೇ ಆಗಬೇಕು. ಆದರೂ ಇಲಾಖೆ ಡೆಸ್ಕ್ ತೆಗೆದುಕೊಂಡು ಬಳಸುತ್ತಿದ್ದರೆ ಕರಾರು ಕಾಯ್ದೆಯ ಕಲಂ 70ರಡಿ ಬೆಲೆ ಕೇಳಬಹುದು, ಸುಪ್ರೀಂ ಕೋರ್ಟಿನ ಬಿ.ಕೆ. ಮಂಡಲ್ ತೀರ್ಪು ನೋಡಿ. ಡೆಲಿವರಿ ಚಲನ್ ಮೇಲೆ ಪಡೆದವರ ಸಹಿ, ಸ್ಟಾಕ್ ರಿಜಿಸ್ಟರ್ ನಮೂದು ಇಲ್ಲಿ ಜೀವಾಳ.

ಹೊಲದಬದು:
ದಾವೆ ಹೂಡಬೇಕಾದರ ಸರ್ಕಾರಕ್ಕೆ ಮೊದಲ ಕೊಡೋ ನೋಟಿಸ್, ಅಂದ್ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ನೋಟಿಸ್ ಎಂಜಿನಿಯರ್ ಸಾಹೇಬರಿಗೆ ಕಳಿಸಿದರ ನಡೀತದೇನ್ರಿ?

ಕೃಷ್ಣಾತೀರ:
ನಡೆಯುವುದಿಲ್ಲ. ರಾಜ್ಯದ ವಿರುದ್ಧವಾದರೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ. ರೈಲ್ವೆಯಾದರೆ ಜನರಲ್ ಮ್ಯಾನೇಜರರಿಗೆ, ನಮ್ಮ ಭಾಗಕ್ಕೆ ಹುಬ್ಬಳ್ಳಿ. ಹೆಸರು, ವಿಳಾಸ, ದಾವೆಗೆ ಕಾರಣ, ಕೇಳುವ ಪರಿಹಾರ ನಾಲ್ಕೂ ಇರಬೇಕು. ಎರಡು ತಿಂಗಳು ತುಂಬುವ ಮೊದಲು ದಾವೆ ಹಾಕಬೇಡಿ; ಆ ಎರಡು ತಿಂಗಳು ವಾಯಿದೆಯ ಲೆಕ್ಕಕ್ಕೆ ಬರುವುದಿಲ್ಲ. ನೋಟಿಸ್ ಕೊಟ್ಟಿದ್ದೇವೆಂದು ದಾವಾಪತ್ರದಲ್ಲೂ ಬರೆಯಬೇಕು. ತೀರಾ ತುರ್ತಿದ್ದರೆ 80(2)ರಡಿ ಕೋರ್ಟಿನ ಅನುಮತಿ ಕೇಳಬಹುದು. ಪ್ರತಿವಾದಿ "ಕರ್ನಾಟಕ ರಾಜ್ಯ", ಬರೀ ಇಲಾಖೆಯ ಹೆಸರಲ್ಲ.

ಲೆಕ್ಕಪತ್ರ:
ಡೆಸ್ಕಿನ ಬಾಕಿ 3 ಲಕ್ಷ ಮೀರಿರುವುದರಿಂದ ಅದು ವಾಣಿಜ್ಯ ದಾವೆ. ದಾವೆಗೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಕೊಡುವುದು ಕಡ್ಡಾಯ, ತಪ್ಪಿದರೆ ದಾವಾಪತ್ರವೇ ತಿರಸ್ಕೃತ. ಡಿಕ್ರಿಯಾದ ಮೇಲೂ ಸರ್ಕಾರಕ್ಕೆ ಮೂರು ತಿಂಗಳು ಬಿಟ್ಟೇ ಅಮಲ್ಜಾರಿಗೆ (ಡಿಕ್ರಿ ಜಾರಿ ಮಾಡಿಸಲು) ಹೋಗಬೇಕು. ಹೊಲದ ರಿಟ್‌ನಲ್ಲಿ ಗೆದ್ದರೆ, ಆದೇಶದ ಗಡುವು ಮುಗಿದ ದಿನವನ್ನು ಬರೆದಿಟ್ಟುಕೊಳ್ಳಿ. ನ್ಯಾಯಾಂಗ ನಿಂದನೆ ಅರ್ಜಿಗೆ ಅಲ್ಲಿಂದ ಒಂದೇ ವರ್ಷ.